ಹಳೆ ಕಾರಿನ ಎಸಿ: ಗ್ಯಾಸ್ ಹಾಕಿಸುವುದೋ, ಬಿಚ್ಚಿ ಸರಿ ಮಾಡಿಸುವುದೋ, ಬಿಟ್ಟುಬಿಡುವುದೋ?

ಮಾರ್ಚ್‌ನಲ್ಲಿ ಸೆಕೆ ಏರತೊಡಗಿತೆಂದರೆ ಮಂಗಳೂರು, ಉಡುಪಿ ಕಡೆಯ ಹಳೆ ಕಾರಿನವರದು ಒಂದೇ ಗೋಳು. ಕಾರಿಗೆ ಹತ್ತು-ಹನ್ನೆರಡು ವರ್ಷ ಆಗಿದೆ, ಇಂಜಿನ್ ಗಟ್ಟಿ ಇದೆ, ಎಸಿ ಮಾತ್ರ ತಂಪು ಕೊಡುತ್ತಿಲ್ಲ. ಮನೆ ಹತ್ತಿರದ ಗ್ಯಾರೇಜಿನವರು "ಗ್ಯಾಸ್ ಕಡಿಮೆ ಉಂಟು ಸರ್, ಹಾಕಿ ಬಿಡುವ" ಎಂದು 2,000 ರೂಪಾಯಿಯ ಲೆಕ್ಕ ಹೇಳುತ್ತಾರೆ. ಎಸಿ ಕೆಲಸ ಮಾತ್ರ ಮಾಡುವವರು ಕೂಲಿಂಗ್ ಕಾಯಿಲ್ ಹೋಗಿದೆ, ಡ್ಯಾಶ್‌ಬೋರ್ಡ್ ಇಳಿಸಬೇಕು, 10,000 ಆಗುತ್ತದೆ ಎನ್ನುತ್ತಾರೆ. ಕಂಪನಿ ಸರ್ವಿಸ್ ಸೆಂಟರಿನ ಎಸ್ಟಿಮೇಟು 40,000 ಮುಟ್ಟುತ್ತದೆ. ಮನೆಯಲ್ಲಿ ಇನ್ನೊಬ್ಬರು "ಇಷ್ಟು ಹಳೆ ಗಾಡಿಗೆ ಯಾಕೆ ಮಾರಾಯ್ರೆ, ಗ್ಲಾಸ್ ಇಳಿಸಿ ಹೋಗುವ" ಎಂದು ಕೈಚೆಲ್ಲುತ್ತಾರೆ.

ಈ ನಾಲ್ಕೂ ದಾರಿ ಒಂದಲ್ಲ ಒಂದು ಕಾರಿಗೆ ಸರಿಯೇ. ನಿಮ್ಮ ಕಾರಿಗೆ ಯಾವುದು ಸರಿ ಎಂದು ತಿಳಿಯಲು ದರ ಕೇಳುವ ಮೊದಲು ಕೆಲವು ಪ್ರಶ್ನೆಗಳಿಗೆ ಉತ್ತರ ಇಟ್ಟುಕೊಳ್ಳಬೇಕು.

ಯಾವುದನ್ನು ನೋಡಿ ತೀರ್ಮಾನಿಸಬೇಕು

ಮೊದಲನೆಯದು, ಈ ಕಾರನ್ನು ಇನ್ನೆಷ್ಟು ಮಳೆಗಾಲ ಇಟ್ಟುಕೊಳ್ಳುತ್ತೀರಿ? ಖಾಸಗಿ ಕಾರಿಗೆ 15 ವರ್ಷ ತುಂಬಿದಾಗ ಆರ್‌ಟಿಒದಲ್ಲಿ ನೋಂದಣಿ ನವೀಕರಿಸಬೇಕು. 600 ರೂಪಾಯಿ ಇದ್ದ ಅದರ ಶುಲ್ಕ 2022ರ ಏಪ್ರಿಲ್‌ನಿಂದ 5,000 ಆಯಿತು. ಹಸಿರು ತೆರಿಗೆ, ಟಿಂಕರಿಂಗ್, ಟೈರು ಎಂದು ಖರ್ಚು ಬೇರೆ. 14 ವರ್ಷದ ಕಾರನ್ನು ನವೀಕರಿಸಿ ಇನ್ನೈದು ವರ್ಷ ಓಡಿಸುವ ಮನಸ್ಸಿದ್ದರೆ ಎಸಿಗೆ 20,000 ಹಾಕುವುದಕ್ಕೆ ಅರ್ಥ ಇದೆ. ಮುಂದಿನ ದೀಪಾವಳಿಗೆ ಕೊಡುವ ಕಾರಾದರೆ ಇಲ್ಲ.

ಎರಡನೆಯದು, ದೋಷ ಎಲ್ಲಿದೆ? ಉಳಿದ ಲೆಕ್ಕವೆಲ್ಲ ಇದರ ಮೇಲೆಯೇ ನಿಂತಿದೆ. ಆದ್ದರಿಂದ ಮೊದಲ ಹಣವನ್ನು ಗ್ಯಾಸಿಗೆ ಕೊಡಬೇಡಿ, ಲೀಕ್ ಹುಡುಕುವ ಕೆಲಸಕ್ಕೆ ಕೊಡಿ.

ಮೂರನೆಯದು, ಕಾರು ಎಲ್ಲಿ, ಯಾರಿಗಾಗಿ ಓಡುತ್ತದೆ? ಕರಾವಳಿಯಲ್ಲಿ ಎಸಿ ಬೇಸಗೆಗೆ ಮಾತ್ರ ಬೇಕಾದ ವಸ್ತು ಎಂದುಕೊಂಡವರು ಜೂನ್‌ನಲ್ಲಿ ಕಷ್ಟಪಡುತ್ತಾರೆ. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಊರು ನಮ್ಮದು. ಆಟಿ ತಿಂಗಳ ಜಡಿಮಳೆಯಲ್ಲಿ ನಾಲ್ಕು ಜನ ಒದ್ದೆ ಬಟ್ಟೆಯಲ್ಲಿ ಕಾರು ಹತ್ತಿ ಗ್ಲಾಸ್ ಏರಿಸಿದರೆ ಎರಡೇ ನಿಮಿಷದಲ್ಲಿ ಮುಂದಿನ ಗಾಜು ಮಬ್ಬಾಗುತ್ತದೆ. ಹೆಜಮಾಡಿ ದಾಟುವಾಗ ಎದುರಿನ ಟ್ಯಾಂಕರಿನ ಲೈಟು ಆ ಮಬ್ಬಿನಲ್ಲಿ ಹರಡಿ ರಸ್ತೆಯೇ ಕಾಣದಂತಾಗುತ್ತದೆ. ಆಗ ಗಾಳಿಯ ತೇವ ಹಿಂಡಿ ತೆಗೆಯುವುದು ಎಸಿಯ ಕೂಲಿಂಗ್ ಕಾಯಿಲ್. ನನ್ನ ಮಟ್ಟಿಗೆ, ರಾತ್ರಿ ಹೆದ್ದಾರಿ 66ರಲ್ಲಿ ಓಡಾಡುವ ಕಾರಿಗೆ ಎಸಿ ಎಂದರೆ ಬ್ರೇಕು, ವೈಪರುಗಳ ಸಾಲಿನಲ್ಲಿ ಬರುವ ಸುರಕ್ಷೆಯ ಸಾಮಾನು.

ಕೊನೆಯದು, ಕೆಲಸ ಮಾಡುವವರ ಬಳಿ ಏನಿದೆ? ವ್ಯಾಕ್ಯೂಮ್ ಪಂಪು, ನೈಟ್ರೋಜನ್ ಸಿಲಿಂಡರು, ತೂಕದ ತಕ್ಕಡಿ. ಈ ಮೂರು ಇಲ್ಲದ ಕಡೆ ಎಸಿ ಬಿಚ್ಚಿಸಬೇಡಿ.

ಖರ್ಚಿಲ್ಲದೆ ನೀವೇ ನೋಡಬಹುದಾದದ್ದು

ಹೆದ್ದಾರಿಯಲ್ಲಿ ತಂಪಾಗಿ ಬರುವ ಗಾಳಿ ಪಂಪ್‌ವೆಲ್ ಅಥವಾ ಕಲ್ಸಂಕದ ಟ್ರಾಫಿಕ್‌ನಲ್ಲಿ ಬಿಸಿಯಾಗುತ್ತದೆಯೇ? ಹಾಗಿದ್ದರೆ ಮೊದಲ ಅನುಮಾನ ಮುಂದಿನ ಫ್ಯಾನಿನ ಮೇಲೆ. ಎಸಿ ಹಾಕಿ, ಬಾನೆಟ್ ತೆರೆದು, ಫ್ಯಾನ್ ತಿರುಗುತ್ತಿದೆಯೇ ನೋಡಿ. ತಿರುಗದಿದ್ದರೆ ರಿಲೇ, ಫ್ಯೂಸ್ ಅಥವಾ ಫ್ಯಾನ್ ಮೋಟಾರು; ಗ್ಯಾಸಿಗೂ ಇದಕ್ಕೂ ಸಂಬಂಧವಿಲ್ಲ.

ಗಾಳಿಯೇ ಕಡಿಮೆ ಬರುತ್ತಿದ್ದರೆ ಗ್ಲೋವ್ ಬಾಕ್ಸಿನ ಹಿಂದಿನ ಕ್ಯಾಬಿನ್ ಫಿಲ್ಟರ್ ತೆಗೆದು ನೋಡಿ. ಹಲಸು, ಮಾವಿನ ಮರದಡಿ ನಿಲ್ಲುವ ಕಾರುಗಳಲ್ಲಿ ತರಗೆಲೆಯ ಚೂರು, ಕೆಲವೊಮ್ಮೆ ಇಲಿ ಕಟ್ಟಿದ ಗೂಡು ಕೂಡ ಸಿಗುತ್ತದೆ. ಮಳೆಗಾಲದಲ್ಲಿ ಬೆಚ್ಚಗಿನ ಬಾನೆಟ್ಟಿನೊಳಗೆ ಸೇರುವ ಹೆಗ್ಗಣ, ಗ್ಯಾಸನ್ನು ಒತ್ತಿ ಸುತ್ತಿಸುವ ಕಂಪ್ರೆಸರಿನ ವಯರು ಕಡಿದುಹಾಕಿದರೂ ಎಸಿ ನಿಲ್ಲುತ್ತದೆ. ನೂರಿನ್ನೂರು ರೂಪಾಯಿಯ ಕೆಲಸ ಅದು.

ಕಾರಿನಡಿ ನೀರು ತೊಟ್ಟಿಕ್ಕುವುದು ಒಳ್ಳೆಯ ಲಕ್ಷಣ. ಆ ನೀರು ಹೊರಗೆ ಬೀಳದೆ ಎಡಗಡೆ ಸೀಟಿನ ಕಾಲಡಿಯ ಮ್ಯಾಟ್ ಒದ್ದೆಯಾಗುತ್ತಿದ್ದರೆ ಡ್ರೈನ್ ಪೈಪು ಕಟ್ಟಿದೆ ಎಂದು ತಿಳಿಯಿರಿ. ಎಸಿ ಬಟನ್ ಒತ್ತಿದಾಗ ಬಾನೆಟ್ಟಿನಿಂದ 'ಟಕ್' ಎಂದು ಕಂಪ್ರೆಸರಿನ ಕ್ಲಚ್ ಕೂರುವ ಸದ್ದು ಬರುತ್ತದೆಯೇ ಕೇಳಿ. ಪೈಪಿನ ಜೋಡಣೆಗಳನ್ನೂ ನೋಡಿ. ಉಳಿದೆಡೆ ಒಣ ಧೂಳು, ಒಂದು ಕಡೆ ಮಾತ್ರ ಎಣ್ಣೆ ಹಿಡಿದ ಕಪ್ಪು ಧೂಳು ಮೆತ್ತಿದ್ದರೆ ಗ್ಯಾಸ್ ಅಲ್ಲಿಂದಲೇ ಹೋಗುತ್ತಿದೆ. ಕಂಪ್ರೆಸರಿನ ಎಣ್ಣೆ ಗ್ಯಾಸಿನ ಜೊತೆಗೇ ಸುತ್ತುವುದರಿಂದ ಲೀಕ್ ಆದಲ್ಲೆಲ್ಲ ಅದು ಗುರುತು ಬಿಡುತ್ತದೆ.

ಗ್ಯಾಸ್ ಮಾತ್ರ ಹಾಕಿಸುವುದು

ಎಸಿ ಗ್ಯಾಸ್ ಪೆಟ್ರೋಲಿನಂತೆ ಉರಿದು ಮುಗಿಯುವಂಥದ್ದಲ್ಲ. ಮುಚ್ಚಿದ ಪೈಪುಗಳೊಳಗೆ ಅದೇ ಗ್ಯಾಸ್ ಸುತ್ತುತ್ತಿರುತ್ತದೆ. ಸಣ್ಣ ಕಾರಿನಲ್ಲಿ ಸುಮಾರು 350ರಿಂದ 500 ಗ್ರಾಂ. ಹೋಸ್ ಪೈಪು, ರಬ್ಬರ್ ಓ-ರಿಂಗುಗಳ ಮೂಲಕ ವರ್ಷಗಳಲ್ಲಿ ಸ್ವಲ್ಪ ಜಿನುಗುವುದು ಸಹಜ. ಹಾಗಾಗಿ ಒಮ್ಮೆಯೂ ಕೈ ಹಾಕದ ಎಸಿ ಏಳೆಂಟು ವರ್ಷಕ್ಕೆ ತಂಪು ಕಡಿಮೆ ಮಾಡಿದರೆ ಗ್ಯಾಸ್ ತುಂಬಿಸುವುದು ನ್ಯಾಯವೇ. 1,500ರಿಂದ 2,500 ರೂಪಾಯಿಯೊಳಗೆ ಮುಗಿಯುತ್ತದೆ, ಮತ್ತೆ ಎರಡು-ಮೂರು ವರ್ಷ ಚಿಂತೆ ಇಲ್ಲ.

ಆದರೆ ಕಳೆದ ಬೇಸಗೆಯಲ್ಲಿ ತುಂಬಿಸಿದ್ದು ಈ ಬೇಸಗೆಗೆ ಖಾಲಿ ಎಂದರೆ ಅದು ಲೀಕ್. ಪ್ರತಿ ವರ್ಷ ತುಂಬಿಸುತ್ತ ಹೋದರೆ ಹೋಗುವುದು ಹಣವಷ್ಟೇ ಅಲ್ಲ. ಗ್ಯಾಸಿನ ಜೊತೆ ಎಣ್ಣೆಯೂ ಹೊರಗೆ ಹೋಗುತ್ತದೆ, ಎಣ್ಣೆ ಸಾಲದ ಕಂಪ್ರೆಸರ್ ಒಳಗೊಳಗೇ ಸವೆಯುತ್ತದೆ. 3,000ದಲ್ಲಿ ಮುಗಿಯಬೇಕಿದ್ದ ಲೀಕ್ 25,000ದ ಕೆಲಸವಾಗುವುದು ಹೀಗೆಯೇ. ಈಗಿನ ಹೆಚ್ಚಿನ ಹಳೆ ಕಾರುಗಳಲ್ಲಿರುವ ಆರ್-134ಎ ಗ್ಯಾಸ್ ಭೂಮಿಯನ್ನು ಬಿಸಿ ಮಾಡುವುದರಲ್ಲಿ ಇಂಗಾಲದ ಡೈಆಕ್ಸೈಡಿಗಿಂತ 1,400 ಪಟ್ಟು ಬಲಶಾಲಿ ಎಂಬುದನ್ನೂ ನಾನು ಲೆಕ್ಕಕ್ಕೆ ಹಿಡಿಯುತ್ತೇನೆ. 400 ಗ್ರಾಂ ಹೊರಬಿಟ್ಟರೆ ಅರ್ಧ ಟನ್ನಿಗೂ ಹೆಚ್ಚು ಇಂಗಾಲದ ಡೈಆಕ್ಸೈಡ್ ಬಿಟ್ಟಷ್ಟಾಯಿತು.

ಹಾಕಿಸುವುದೇ ಆದರೆ ತೂಕ ಮಾಡಿ ಹಾಕಿಸಿ. ಗೇಜು ನೋಡಿ ಅಂದಾಜಿಗೆ ಹಾಕುವವರು ಬಹಳ ಜನ. ಕಾರು ನಿಂತಿರುವಾಗ, 30 ಡಿಗ್ರಿ ಸೆಕೆಯಲ್ಲಿ, ಒಳಗೆ 150 ಗ್ರಾಂ ಇದ್ದರೂ 400 ಗ್ರಾಂ ಇದ್ದರೂ ಗೇಜು ತೋರಿಸುವುದು ಹೆಚ್ಚುಕಡಿಮೆ ಅದೇ 95-100 ಪಿಎಸ್‌ಐ. ಹೆಚ್ಚು ತುಂಬಿದರೂ ತಂಪು ಕಡಿಮೆಯಾಗುತ್ತದೆ, ಕಂಪ್ರೆಸರಿಗೆ ಭಾರವೂ ಹೆಚ್ಚು. ಸರಿಯಾದ ಗ್ರಾಂ ಲೆಕ್ಕ ಬಾನೆಟ್ಟಿನ ಒಳಗಿನ ಚೀಟಿಯಲ್ಲಿ ಬರೆದಿರುತ್ತದೆ. ಅಗ್ಗಕ್ಕೆ ಸಿಗುವ ಹೆಸರಿಲ್ಲದ ಡಬ್ಬಿಗಳ ಗ್ಯಾಸ್ ಬೇಡ. ಅಡುಗೆ ಅನಿಲದ ಜಾತಿಯ ಗ್ಯಾಸ್ ಕಲಬೆರಕೆ ಆಗಿದ್ದರೆ ಬೆಂಕಿಯ ಅಪಾಯ ಇದೆ. ಲೀಕ್ ತಾನಾಗಿ ಮುಚ್ಚುತ್ತದೆ ಎನ್ನುವ ಸೀಲರ್ ದ್ರವವೂ ಬೇಡ. ಅದು ಕೂಲಿಂಗ್ ಕಾಯಿಲಿಗೆ ಗ್ಯಾಸ್ ಬಿಡುವ ಎಕ್ಸ್‌ಪಾನ್ಷನ್ ವಾಲ್ವಿನ ಸಣ್ಣ ರಂಧ್ರವನ್ನೂ ಮುಚ್ಚಬಲ್ಲದು.

ಲೀಕ್ ಹುಡುಕಿ ಆ ಭಾಗ ಮಾತ್ರ ಸರಿ ಮಾಡಿಸುವುದು

ಬಹುಪಾಲು ಓದುಗರಿಗೆ ನಾನು ಹೇಳುವುದು ಈ ದಾರಿಯನ್ನೇ. ಒಳ್ಳೆಯ ಎಸಿ ಕೆಲಸದವರು ನೈಟ್ರೋಜನ್ ಒತ್ತಡ ತುಂಬಿ ಸೋಪು ನೊರೆ ಹಚ್ಚುತ್ತಾರೆ, ಇಲ್ಲವೇ ಹೊಳೆಯುವ ಡೈ ಹಾಕಿ ನೀಲಿ ಟಾರ್ಚಿನಲ್ಲಿ ಹುಡುಕುತ್ತಾರೆ. ಟಯರಿಗೆ ಹಾಕುವ ಕಂಪ್ರೆಸರಿನ ಗಾಳಿಯಲ್ಲಿ ಟೆಸ್ಟ್ ಮಾಡುವ ಕಡೆ ಬೇಡವೆನ್ನಿ. ನಮ್ಮ ಗಾಳಿಯಲ್ಲಿ ತೇವ ಅಷ್ಟಿದೆ, ಅದು ಪೈಪಿನೊಳಗೆ ಹೋದರೆ ಎಣ್ಣೆಯ ಜೊತೆ ಸೇರಿ ಆಮ್ಲವಾಗುತ್ತದೆ, ವಾಲ್ವಿನಲ್ಲಿ ಮಂಜುಗಡ್ಡೆ ಕಟ್ಟುತ್ತದೆ.

ಲೀಕ್ ಓ-ರಿಂಗಿನಲ್ಲೋ ಗ್ಯಾಸ್ ತುಂಬುವ ಪಿನ್ನಿನಲ್ಲೋ ಸಿಕ್ಕಿದರೆ ನಿಮ್ಮ ಅದೃಷ್ಟ. ಗ್ಯಾಸೂ ಸೇರಿ 2,500ರಿಂದ 4,000ದಲ್ಲಿ ಮುಗಿಯುತ್ತದೆ. ಅಲ್ಯೂಮಿನಿಯಂ ಪೈಪು ತೂತಾಗಿದ್ದರೆ ಆರ್ಗನ್ ವೆಲ್ಡಿಂಗ್ ಬಾಳಿಕೆ ಬರುತ್ತದೆ.

ಗ್ಯಾಸಿನ ಬಿಸಿ ಹೊರಹಾಕುವ ಕಂಡೆನ್ಸರ್ ನಮ್ಮ ಊರಿನಲ್ಲಿ ಬೇಗ ಹೋಗುವ ಭಾಗ. ರೇಡಿಯೇಟರಿನ ಮುಂದೆ ನಿಂತು ಸಮುದ್ರದ ಉಪ್ಪುಗಾಳಿಯನ್ನೂ ಕೆಸರನ್ನೂ ಮೊದಲು ತಿನ್ನುವುದು ಅದೇ. ಪಣಂಬೂರು, ಉಳ್ಳಾಲ, ಮಲ್ಪೆ, ಕಾಪು ಕಡೆ ಮನೆ ಇದ್ದವರು, ದಿನಾ ಮರವಂತೆಯ ಕಡಲಂಚಿನ ರಸ್ತೆಯಲ್ಲಿ ಹೋಗುವವರು ಗ್ರಿಲ್ಲಿನ ಸಂದಿಯಿಂದ ಟಾರ್ಚ್ ಬಿಟ್ಟು ನೋಡಿ. ಬೆರಳು ತಾಗಿಸಿದರೆ ಕೆಳಗಿನ ಸಾಲುಗಳ ತೆಳು ರೆಕ್ಕೆಗಳು ಬಿಳಿ ಪುಡಿಯಾಗಿ ಉದುರುವುದು ಕಾಣಿಸೀತು. ರೆಕ್ಕೆ ಉದುರಿದ ಕಂಡೆನ್ಸರಿಗೆ ಲೀಕ್ ಇಲ್ಲದಿದ್ದರೂ ಬಿಸಿ ಹೊರಹಾಕುವ ಶಕ್ತಿ ಇರುವುದಿಲ್ಲ. ಅದಕ್ಕೆ ವೆಲ್ಡಿಂಗ್ ಮಾಡಿಸಬೇಡಿ. ಒಂದು ಕಡೆ ಬೆಸೆದರೆ ಮಳೆಗಾಲ ಕಳೆಯುವಷ್ಟರಲ್ಲಿ ಇನ್ನೊಂದು ಕಡೆ ತೂತಾಗುತ್ತದೆ. ಹೊರಗಿನ ಬ್ರಾಂಡಿನ ಹೊಸದು ಸಣ್ಣ ಕಾರಿಗೆ 3,000ದಿಂದ 6,000, ಕೂಲಿ ಮತ್ತು ಗ್ಯಾಸ್ ಬೇರೆ. ಇಲ್ಲಿ ಕಂಪನಿ ಪಾರ್ಟೇ ಬೇಕೆಂಬ ಹಟ ಬೇಡ. ಬಂಪರ್ ಬಿಚ್ಚಿದರೆ ಕೈಗೆ ಸಿಗುವ ಭಾಗ, ಐದು ವರ್ಷದಲ್ಲಿ ಮತ್ತೆ ಬದಲಿಸಬೇಕಾಗಿ ಬಂದರೂ ಕೂಲಿ ಕಡಿಮೆ.

ಕೂಲಿಂಗ್ ಕಾಯಿಲ್ ವಿಷಯದಲ್ಲಿ ನನ್ನ ಸಲಹೆ ತಿರುಗಾಮುರುಗಾ. ಹೆಚ್ಚಿನ ಕಾರುಗಳಲ್ಲಿ ಅದು ಡ್ಯಾಶ್‌ಬೋರ್ಡಿನ ಹೊಟ್ಟೆಯೊಳಗಿದೆ. ಸ್ಟಿಯರಿಂಗ್ ಇಳಿಸಿ, ಮೀಟರು ತೆಗೆದು, ವಯರಿಂಗಿನ ಹತ್ತಾರು ಸಾಕೆಟ್ ಬಿಚ್ಚಿ, ಪೂರ್ತಿ ಡ್ಯಾಶ್‌ಬೋರ್ಡ್ ಹೊರಗಿಟ್ಟ ಮೇಲೆ ಕೈಗೆ ಬರುವ ಕಾಯಿಲ್ ಅದು. ಹಳೆ ಪ್ಲಾಸ್ಟಿಕ್ ಕ್ಲಿಪ್ಪುಗಳು ಆ ಬಿಚ್ಚಾಟದಲ್ಲಿ ಮುರಿಯುತ್ತವೆ, ಆಮೇಲೆ ಹೊಂಡಕ್ಕೆ ಇಳಿದಾಗಲೆಲ್ಲ ಡ್ಯಾಶ್‌ಬೋರ್ಡ್ ಕಿರುಗುಟ್ಟುತ್ತದೆ. ಎರಡನೇ ಸಲ ಇದನ್ನು ಬಿಚ್ಚಿಸುವ ಪರಿಸ್ಥಿತಿ ಬರಬಾರದು. ಆದ್ದರಿಂದ ಕಾಯಿಲ್ ಮಾತ್ರ ಕಂಪನಿಯದ್ದನ್ನೋ, ಕಾರು ಕಂಪನಿಗೆ ಸಪ್ಲೈ ಮಾಡುವ ತಯಾರಕರದ್ದನ್ನೋ ಹಾಕಿಸಿ. 2,000 ಉಳಿಸಲು ಹೋಗಬೇಡಿ. ಬಿಚ್ಚಿದಾಗಲೇ ಎಕ್ಸ್‌ಪಾನ್ಷನ್ ವಾಲ್ವ್ ಹೊಸದು ಹಾಕಿಸಿ, ಬ್ಲೋವರ್ ತೊಳೆಸಿ, ಪಕ್ಕದಲ್ಲೇ ಇರುವ ಹೀಟರ್ ಕಾಯಿಲ್ ಜಿನುಗುತ್ತಿದೆಯೇ ನೋಡಿಸಿ. ಎಲ್ಲ ಸೇರಿ 7,000ದಿಂದ 12,000. ಹಳೆ ಮಾರುತಿ 800, ಓಮ್ನಿಯಂಥ ಕಾರುಗಳಲ್ಲಿ ಮಾತ್ರ ಕಾಯಿಲ್ ಸುಲಭದಲ್ಲಿ ಕೈಗೆ ಸಿಗುತ್ತದೆ, ಖರ್ಚೂ ಅಷ್ಟು ಕಡಿಮೆ.

ಬಿಚ್ಚಿಸುವ ಮೊದಲು ಕಾಯಿಲೇ ಹೋಗಿದೆ ಎಂಬುದಕ್ಕೆ ಸಾಕ್ಷಿ ಕೇಳಿ. ಡೈ ಹಾಕಿದ್ದರೆ ಡ್ರೈನ್ ನೀರಿನಲ್ಲಿ ಅದರ ಬಣ್ಣ ಹೊಳೆಯಬೇಕು, ಇಲ್ಲವೇ ಡ್ರೈನ್ ಪೈಪಿನ ಬಾಯಿಗೆ ಹಿಡಿದ ಲೀಕ್ ಡಿಟೆಕ್ಟರ್ ಕೂಗಬೇಕು. "ಬೇರೆಲ್ಲೂ ಕಾಣುವುದಿಲ್ಲ, ಹಾಗಾದರೆ ಕಾಯಿಲೇ" ಎಂಬ ಮಾತಿಗೆ ಡ್ಯಾಶ್‌ಬೋರ್ಡ್ ಇಳಿಸಲು ಒಪ್ಪಬೇಡಿ.

ಕಂಪ್ರೆಸರ್ ಹೋಗಿದೆ ಎಂದರೆ

ಕಂಪ್ರೆಸರಿನ ಯಾವ ಭಾಗ ಹೋಗಿದೆ ಎಂದು ಕೇಳಿ. ಕ್ಲಚ್ಚಿನ ಕಾಯಿಲ್ ಸುಟ್ಟಿದ್ದರೆ, ಪುಲ್ಲಿಯ ಬೇರಿಂಗ್ ಸದ್ದು ಮಾಡುತ್ತಿದ್ದರೆ, ಕ್ಲಚ್ಚಿನ ಸಂದಿ ಸವೆದು ಅಗಲವಾಗಿದ್ದರೆ ಅಷ್ಟನ್ನೇ ಸರಿ ಮಾಡಬಹುದು. ಹಲವು ಕಾರುಗಳಲ್ಲಿ ಗ್ಯಾಸ್ ಬಿಡದೆಯೇ ಈ ಕೆಲಸ ಆಗುತ್ತದೆ, 1,500ರಿಂದ 4,000. ಇಂಜಿನ್ ಬಿಸಿಯಾದ ಮೇಲೆ ಎಸಿ ನಿಂತು, ತಣ್ಣಗಾದಾಗ ಮತ್ತೆ ಹಿಡಿಯುವ ಕಾರುಗಳಲ್ಲಿ ಅನೇಕ ಸಲ ಇದೇ ಕ್ಲಚ್ ಸಂದಿಯ ತೊಂದರೆ ಇರುತ್ತದೆ.

ಒಳಗೇ ಸವೆದಿದ್ದರೆ ಮೂರು ಆಯ್ಕೆ. ಹೊಸದು 12,000ದಿಂದ 25,000ದವರೆಗೆ, ವಾರಂಟಿ ಸಹಿತ. ರೀಕಂಡಿಷನ್ ಆದದ್ದು ಸುಮಾರು ಅರ್ಧ ಬೆಲೆಗೆ, ಮೂರರಿಂದ ಆರು ತಿಂಗಳ ಮಾತಿನ ಗ್ಯಾರಂಟಿಯಲ್ಲಿ. ಗುಜರಿಯಲ್ಲಿ ಸಿಗುವುದು ಇನ್ನೂ ಅಗ್ಗ. ಗುಜರಿ ಕಂಪ್ರೆಸರಿನ ಬಾಯಿಗಳು ಮುಚ್ಚಿರದಿದ್ದರೆ ಮುಟ್ಟಬೇಡಿ. ಈ ಕರಾವಳಿ ಗಾಳಿಯಲ್ಲಿ ತೆರೆದ ಬಾಯಲ್ಲಿ ವಾರಗಟ್ಟಲೆ ಬಿದ್ದದ್ದರ ಎಣ್ಣೆ ತೇವ ಹೀರಿ ಕೆಟ್ಟಿರುತ್ತದೆ. ನಾಲ್ಕು ವರ್ಷಕ್ಕಿಂತ ಹೆಚ್ಚು ಇಟ್ಟುಕೊಳ್ಳುವ ಕಾರಿಗೆ ಹೊಸದು, ಎರಡು ವರ್ಷದ ಮಾತಾದರೆ ಕೆಲಸದವರು ಬರೆದುಕೊಡುವ ಗ್ಯಾರಂಟಿಯ ರೀಕಂಡಿಷನ್. ನನ್ನ ಆಯ್ಕೆ ಹೀಗೆ.

ಕಂಪ್ರೆಸರ್ ಜಾಮ್ ಆಗಿ ನಿಂತಿದ್ದರೆ ಮಾತ್ರ ಲೆಕ್ಕವೇ ಬೇರೆ. ಲೋಹದ ಚೂರುಗಳು ಇಡೀ ಲೈನಿನಲ್ಲಿ ಹರಡಿರುತ್ತವೆ. ಹಳೆ ಎಣ್ಣೆಯ ಒಂದು ಹನಿಯನ್ನು ಬಿಳಿ ಬಟ್ಟೆಯ ಮೇಲೆ ಬಿಡಿಸಿ ನೋಡಿ. ಬೂದುಬಣ್ಣದ ಮಿನುಗು ಕಂಡರೆ ಕಂಡೆನ್ಸರ್, ಲೈನಿನ ತೇವ ಹೀರುವ ಡ್ರೈಯರ್, ಎಕ್ಸ್‌ಪಾನ್ಷನ್ ವಾಲ್ವ್ ಮೂರನ್ನೂ ಬದಲಿಸಲೇಬೇಕು. ಈಗಿನ ಕಂಡೆನ್ಸರಿನ ಕೂದಲೆಳೆಯಂಥ ನಾಳಗಳನ್ನು ಎಷ್ಟು ತೊಳೆದರೂ ಚೂರು ಪೂರ್ತಿ ಹೊರಗೆ ಬರುವುದಿಲ್ಲ, ಉಳಿದದ್ದು ಹೊಸ ಕಂಪ್ರೆಸರನ್ನು ತಿನ್ನುತ್ತದೆ. ಹಾಗೆ ಪೂರ್ತಿ ಸೆಟ್ ಎಂದರೆ 25,000ದಿಂದ 40,000. ಕಾರಿನ ಮಾರಾಟ ಬೆಲೆ 1,00,000 ಕೂಡ ಇಲ್ಲದಿದ್ದರೆ ಇಲ್ಲಿ ನಿಂತು ಯೋಚಿಸಬೇಕು.

ಎಲ್ಲಿ ಮಾಡಿಸುವುದು

ಕಂಪನಿ ಸರ್ವಿಸ್ ಸೆಂಟರಿನಲ್ಲಿ ಸರಿಯಾದ ಪಾರ್ಟ್ ನಂಬರು, ಗ್ರಾಂ ಲೆಕ್ಕದಲ್ಲಿ ಗ್ಯಾಸ್ ಹಾಕುವ ಮೆಷಿನ್, ಬಿಲ್ಲು, ವಾರಂಟಿ ಎಲ್ಲ ಇದೆ. ಆದರೆ ಬೇರಿಂಗ್ ಹೋದದ್ದಕ್ಕೆ ಕಂಪ್ರೆಸರೇ ಬದಲಿಸುವುದು ಅಲ್ಲಿನ ಪದ್ಧತಿ. ಏಳೆಂಟು ವರ್ಷದೊಳಗಿನ ಕಾರು, ಕ್ಲೈಮೇಟ್ ಕಂಟ್ರೋಲಿನ ಸೆನ್ಸರ್ ತೊಂದರೆ, ಕ್ಲಚ್ ಇಲ್ಲದ ಹೊಸ ಬಗೆಯ ಕಂಪ್ರೆಸರ್ ಇದ್ದರೆ ಅಲ್ಲಿಗೆ ಹೋಗಿ. ಅದಕ್ಕಿಂತ ಹಳೆಯದಕ್ಕೆ ಕಾರ್ ಎಸಿ ಕೆಲಸವನ್ನೇ ಮಾಡುವ ಅಂಗಡಿ ಒಳ್ಳೆಯದು. ಸಾಮಾನ್ಯ ಗ್ಯಾರೇಜಿನವರು ಎಸಿ ಕೆಲಸಕ್ಕೆ ಹೆಚ್ಚಾಗಿ ಇಂಥ ಅಂಗಡಿಯವರನ್ನೇ ಕರೆಸುತ್ತಾರೆ. ಹಾಗಾದರೆ ನೇರ ಅವರ ಬಳಿಗೇ ಹೋಗಿ, ಕೆಲಸ ಕಣ್ಣೆದುರಿಗೆ ನಡೆಯುತ್ತದೆ.

ಕಣ್ಣೆದುರು ನೋಡಬೇಕಾದದ್ದು ಮುಖ್ಯವಾಗಿ ವ್ಯಾಕ್ಯೂಮ್. ಅರ್ಧ ಗಂಟೆಯಾದರೂ ಪಂಪು ಓಡಬೇಕು. ಆ ಒತ್ತಡದಲ್ಲಿ ಪೈಪಿನೊಳಗಿನ ನೀರು ನಮ್ಮ 30 ಡಿಗ್ರಿಯ ಸೆಕೆಗೇ ಕುದಿದು ಆವಿಯಾಗಿ ಹೊರಬರುತ್ತದೆ. ಪಂಪು ನಿಲ್ಲಿಸಿದ ಮೇಲೆ ಗೇಜಿನ ಮುಳ್ಳು ಹತ್ತು-ಹದಿನೈದು ನಿಮಿಷ ಅಲ್ಲಾಡದೆ ನಿಂತರೆ ಗ್ಯಾಸ್ ತುಂಬಲು ಅಡ್ಡಿಯಿಲ್ಲ. ಮಳೆಗಾಲದಲ್ಲಿ ಇದಕ್ಕೆ ಅವಸರ ಮಾಡಿದ ಕೆಲಸ ಮರಳಿ ಬರುತ್ತದೆ.

1990ರ ಆಸುಪಾಸಿನ ಕಾರುಗಳು

ಪ್ರೀತಿಯಿಂದ ಉಳಿಸಿಕೊಂಡ ಹಳೆ ಮಾರುತಿ 800, ಕಾಂಟೆಸ್ಸಾಗಳಲ್ಲಿ ಆರ್-12 ಗ್ಯಾಸ್ ಇತ್ತು. ಓಝೋನ್ ಪದರಕ್ಕೆ ಹಾನಿ ಮಾಡುವ ಆ ಗ್ಯಾಸಿನ ತಯಾರಿಕೆ 1987ರ ಮಾಂಟ್ರಿಯಲ್ ಒಪ್ಪಂದದ ದೆಸೆಯಿಂದ ನಮ್ಮಲ್ಲೂ 2008ರಲ್ಲಿ ನಿಂತಿತು. ಆರ್-134ಎಗೆ ಬದಲಿಸಬಹುದು, ಆದರೆ ಹಳೆ ಮಿನರಲ್ ಎಣ್ಣೆ ತೆಗೆದು ಎಸ್ಟರ್ ಎಣ್ಣೆ, ಹೊಸ ಡ್ರೈಯರ್, ಓ-ರಿಂಗ್, ಹೋಸ್ ಎಲ್ಲ ಬೇಕು. ಇದ್ಯಾವುದನ್ನೂ ಬದಲಿಸದೆ ಹೊಸ ಗ್ಯಾಸ್ ತುಂಬಿ ಕಳುಹಿಸುವವರ ಮಾತು ಕೇಳಬೇಡಿ.

ಎಸಿ ಬಿಟ್ಟುಬಿಡುವುದು

ಊರೊಳಗೆ ಹಗಲು ಮಾತ್ರ ಓಡುವ, ಒಂದೆರಡು ವರ್ಷದಲ್ಲಿ ಕೈಬಿಡುವ ಕಾರಿಗೆ ಇದೂ ಮರ್ಯಾದೆಯ ಆಯ್ಕೆ. ಎರಡು ವಿಷಯ ಮಾತ್ರ ನೋಡಿಕೊಳ್ಳಿ. ಹೀಟರ್ ಕೆಲಸ ಮಾಡುತ್ತಿರಲಿ. ಮಳೆಯಲ್ಲಿ ಹೊರಗಾಳಿಯನ್ನು ಬಿಸಿ ಮಾಡಿ ಗಾಜಿನ ಮೇಲೆ ಬಿಟ್ಟರೆ ಮಬ್ಬು ಬಿಡುತ್ತದೆ, ಸೆಕೆ ಸಹಿಸಬೇಕು ಅಷ್ಟೆ. ಮತ್ತೆ ಬೆಲ್ಟ್. ಕೆಲವು ಕಾರುಗಳಲ್ಲಿ ಕಂಪ್ರೆಸರಿಗೆ ಬೇರೆ ಬೆಲ್ಟ್ ಇದೆ, ಕಳಚಿಟ್ಟರೆ ಮುಗಿಯಿತು. ಆಲ್ಟರ್ನೇಟರಿಗೂ ಕಂಪ್ರೆಸರಿಗೂ ಒಂದೇ ಬೆಲ್ಟ್ ಇರುವ ಕಾರುಗಳಲ್ಲಿ ಪುಲ್ಲಿಯ ಬೇರಿಂಗ್ ಸಿಕ್ಕಿಕೊಂಡರೆ ಬೆಲ್ಟೇ ಹರಿದು ಶಿರಾಡಿ ಘಾಟಿಯ ನಡುವೆ ನಿಲ್ಲುವ ಪ್ರಸಂಗ ಬಂದೀತು. ಅಂಥವರು ಬೇರಿಂಗನ್ನಾದರೂ ಹೊಸದು ಹಾಕಿಸಲೇಬೇಕು.

ಯಾರಿಗೆ ಯಾವುದು

ಚಿಕ್ಕ ಮಕ್ಕಳೋ ವಯಸ್ಸಾದವರೋ ಇರುವ ಮನೆ, ಐದು ವರ್ಷ ಇಟ್ಟುಕೊಳ್ಳುವ ಕಾರು, ಕಾಯಿಲ್ ಲೀಕ್: ಡ್ಯಾಶ್‌ಬೋರ್ಡ್ ಇಳಿಸಿ ಒಳ್ಳೆಯ ಕಾಯಿಲ್ ಹಾಕಿಸಿ. ಹತ್ತು ಸಾವಿರದೊಳಗಿನ ಬಜೆಟ್ಟು, ಕಂಡೆನ್ಸರ್ ಲೀಕ್: ಹೊರಗಿನ ಬ್ರಾಂಡ್ ಸಾಕು, ಜೊತೆಗೆ ಡ್ರೈಯರ್ ಬದಲಿಸಲು ಮರೆಯಬೇಡಿ. ಕೈಯಲ್ಲಿ 3,000 ಮಾತ್ರ ಇದೆ, ಲೀಕ್ ನಿಧಾನದ್ದು, ಈ ವರ್ಷವೇ ಕಾರು ಮಾರುವುದಿದೆ: ಒಮ್ಮೆ ಗ್ಯಾಸ್ ಹಾಕಿಸಿ, ಕೊಳ್ಳುವವರಿಗೆ ಲೀಕ್ ಇರುವುದನ್ನು ಹೇಳಿಯೇ ಮಾರಿ. ಬಾಡಿಗೆಗೆ ಓಡುವ ಕಾರಾದರೆ ರೀಕಂಡಿಷನ್ ಕಂಪ್ರೆಸರಿನ ಆಸೆ ಬೇಡ, ಒಂದು ವಾರ ನಿಂತರೆ ಉಳಿಸಿದ್ದೆಲ್ಲ ಹೋಗುತ್ತದೆ. ಮಣಿಪಾಲದಲ್ಲೋ ಕದ್ರಿಯಲ್ಲೋ ನಿವೃತ್ತರಾಗಿ, ವಾರಕ್ಕೊಮ್ಮೆ ಆಸ್ಪತ್ರೆ, ದೇವಸ್ಥಾನಕ್ಕೆ ಕಾರು ತೆಗೆಯುವವರು ಪೂರ್ತಿ ಸೆಟ್ಟಿಗೆ 40,000 ಹಾಕುವ ಬದಲು ಆ ಹಣವನ್ನು ಎರಡು-ಮೂರು ವರ್ಷ ಅಗತ್ಯ ಬಿದ್ದಾಗ ಬಾಡಿಗೆ ಕಾರಿಗೆ, ಇಲ್ಲವೇ ಹೊಸ ಕಾರಿಗೆ ಇಟ್ಟುಕೊಳ್ಳಬಹುದು.

ಯಾವುದೇ ಮಾಡಿಸಿ, ಬಿಲ್ಲಿನಲ್ಲಿ ನಾಲ್ಕು ಸಂಗತಿ ಬರೆಸಿಕೊಳ್ಳಿ: ಲೀಕ್ ಎಲ್ಲಿತ್ತು, ಯಾವ ಭಾಗ ಯಾವ ಬ್ರಾಂಡಿನದು, ಗ್ಯಾಸ್ ಎಷ್ಟು ಗ್ರಾಂ, ಎಣ್ಣೆ ಯಾವುದು. ಬಿಚ್ಚಿದ ಹಳೆ ಭಾಗವನ್ನು ಕೇಳಿ ನೋಡಿ. ಕಾರು ಹೊರತರುವ ಮೊದಲು ನಡುವಿನ ವೆಂಟಿನಲ್ಲಿ ಥರ್ಮಾಮೀಟರ್ ಇಟ್ಟು, ಒಳಗಾಳಿ ಸುತ್ತುವ ಬಟನ್ ಒತ್ತಿ ಹತ್ತು ನಿಮಿಷ ಓಡಿಸಿ. ನಮ್ಮ ತೇವದ ಹವೆಯಲ್ಲಿ 8ರಿಂದ 12 ಡಿಗ್ರಿ ಬಂದರೆ ಹಳೆ ಕಾರಿಗೆ ಅದು ಒಳ್ಳೆಯ ಕೆಲಸ. ಆಮೇಲೆ ಮಳೆಗಾಲದಲ್ಲೂ ವಾರಕ್ಕೊಮ್ಮೆ ಹತ್ತು ನಿಮಿಷ ಎಸಿ ಹಾಕಿ, ಕಂಪ್ರೆಸರಿನ ಸೀಲಿಗೆ ಎಣ್ಣೆ ತಲುಪುತ್ತಿರುತ್ತದೆ. ಬೀಚಿಗೆ ಹೋಗಿ ಬಂದ ಮರುದಿನ ಕಂಡೆನ್ಸರಿಗೆ ಸಾದಾ ಪೈಪಿನಲ್ಲಿ ಸಿಹಿನೀರು ಬಿಡಿ. ಜೆಟ್ ಬೇಡ, ರೆಕ್ಕೆ ಮಡಚಿಹೋಗುತ್ತದೆ.